ಮುಂದಿನ ಸೀಟಿನ ಕೆಂಪು ಸಿಲಿಂಡರು

ನನ್ನ ಸೋದರಮಾವನ ಕಾರು ಹತ್ತುವುದಕ್ಕೆ ಯಾರಿಗೂ ಅಡ್ಡಿಯಿರಲಿಲ್ಲ. ಆದರೆ ಹತ್ತಿದವರು, ಕಾರು ಹೊರಡುವ ಮೊದಲು, ಇಳಿಯುವ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು! ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಅದೂ ಫಸ್ಟ್ ಕ್ಲಾಸು. ಈ ಪರೀಕ್ಷೆಯಲ್ಲಿ ಮಾತ್ರ ಒಮ್ಮೆಯೂ ಪಾಸಾದ ನೆನಪಿಲ್ಲ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವವಳಲ್ಲ, ಅದು ಬೇರೆ ಮಾತು. ಆದರೆ ನಾನು ಫೇಲಾದದ್ದನ್ನು ಮಾವ ಬಂದವರಿಗೆಲ್ಲ ಹೇಳುತ್ತಿದ್ದರಾದ್ದರಿಂದ ಅದಕ್ಕೆ ಸ್ವತಂತ್ರ ಆಧಾರವೂ ಉಂಟು.

ಮಾವ ನರಸಿಂಹರಾಜಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ನಿವೃತ್ತಿಯಾದ ಮೇಲೆ ಕೊಪ್ಪ ಪೇಟೆಯಲ್ಲಿ ಮನೆ ಮಾಡಿದರು. ಕೆಲಸದಿಂದ ನಿವೃತ್ತರಾದರೇ ಹೊರತು ವಿಷಲಿನಿಂದ ಆಗಲಿಲ್ಲ. ನಾನು ಆಗ ಕೊಪ್ಪದಲ್ಲಿ ಅರೆಕಾಲಿಕ ಉಪನ್ಯಾಸಕಿ. ಮೊಬೈಲ್ ಸಿಗ್ನಲ್ಲು ಬಸ್‌ಸ್ಟ್ಯಾಂಡಿನ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತಿದ್ದ ಕಾಲ ಅದು. ಮಾವ-ಅತ್ತೆಯ ಮನೆಯಲ್ಲೇ ನನ್ನ ಊಟ, ವಸತಿ. ಅದಕ್ಕೆ ಪ್ರತಿಯಾಗಿ ನಾನು ಕೊಡುತ್ತಿದ್ದದ್ದು ಮಾವನ ಪ್ರಯೋಗಗಳಿಗೆ ನನ್ನ ಕಾಲು ಮತ್ತು ಮೂಗು.

ಪರೀಕ್ಷೆ ಹೀಗೆ: ಎಲ್ಲರೂ ಕಾರಿನಲ್ಲಿ ಕೂರಬೇಕು, ಬಾಗಿಲು ಹಾಕಿಕೊಳ್ಳಬೇಕು. ಮಾವ ಹೊರಗೆ ನಿಂತು ವಿಷಲ್ ಊದುತ್ತಾರೆ. ಊದಿದ ಕೂಡಲೇ ಇಳಿದು, ರಸ್ತೆ ಬದಿಯ ಲೈಟ್ ಕಂಬದವರೆಗೆ ಓಡಿ, ಸಾಲಾಗಿ ನಿಲ್ಲಬೇಕು. ಚೀಲ ಮುಟ್ಟುವಂತಿಲ್ಲ. ಕೊಡೆ ಮುಟ್ಟುವಂತಿಲ್ಲ. ಚಪ್ಪಲಿ ಹುಡುಕುವಂತಿಲ್ಲ.

"ಚಪ್ಪಲಿ ಸಿಗ್ಲಿಲ್ಲ ಅಂತ ಹುಡುಕ್ತಾ ಕೂತ್ರೆ, ಆಮೇಲೆ ಕಾಲೇ ಸಿಗಲ್ಲ, ತಿಳೀತನಾ?"

ಒಮ್ಮೆ ಪಕ್ಕದ ಮನೆಯ ಭಟ್ಟರು ಹಲ್ಲುನೋವು ತಾಳಲಾರದೆ, ಡಾಕ್ಟರ ಹತ್ತಿರ ಬಿಟ್ಟುಬನ್ನಿ ಎಂದು ಕೆನ್ನೆ ಹಿಡಿದುಕೊಂಡು ಬಂದರು. ಮಾವ ಅವರನ್ನು ಕೂರಿಸಿದರು. ವಿಷಲ್ ಊದಿದರು. ಭಟ್ಟರು ಒಂದು ಕೈಯಲ್ಲಿ ಕೆನ್ನೆ, ಇನ್ನೊಂದರಲ್ಲಿ ಪಂಚೆ ಹಿಡಿದು ಕಂಬದವರೆಗೆ ಓಡಿದರು. "ನಿಧಾನ ಆಯ್ತು ಭಟ್ರೆ, ಇನ್ನೊಂದ್ ಸಲ," ಎಂದರು ಮಾವ. ಭಟ್ಟರು ಕಂಬ ಹಿಡಿದುಕೊಂಡೇ ಹೇಳಿದರು: "ಬೇಡ ಮಾರಾಯ್ರೆ. ಹಲ್ಲುನೋವು ಹೋಯ್ತು!"

ಇಷ್ಟೆಲ್ಲ ಸಂಭ್ರಮ ಯಾವ ಕಾರಿಗೆ ಎಂದು ಕೇಳುತ್ತೀರಿ. ಕಂಪನಿಯ ಹೆಸರು ಹೇಳಲಾರೆ. ಎಲ್ಲೆಲ್ಲಿಂದಲೋ ತಂದು ಕೂಡಿಸಿದ ಬಿಡಿಭಾಗಗಳಿಂದಾಗಿ ಅದನ್ನು ತನ್ನದೆಂದು ಒಪ್ಪಿಕೊಳ್ಳುವ ಧೈರ್ಯ ಯಾವ ಕಂಪನಿಗೂ ಇದ್ದಿರಲಾರದು. ನನಗಿಂತ ವಯಸ್ಸಾದ ಕಾರು. ಹಾಲು ಹೆಚ್ಚಾದ ಕಾಫಿಯ ಬಣ್ಣ. ಡಿಕ್ಕಿಯಲ್ಲಿ ಒಂದು ಬಕೆಟ್ ಮರಳು, ಒಂದು ಗೋಣಿಚೀಲ. ಸ್ಟೇರಿಂಗಿನ ಕೆಳಗೆ, ಬ್ಯಾಟರಿಯ ಸಂಪರ್ಕವನ್ನು ಒಂದೇ ಏಟಿಗೆ ತಪ್ಪಿಸಲು, ಮನೆಯ ಮೇನ್ ಸ್ವಿಚ್ಚಿನಷ್ಟು ದೊಡ್ಡದೊಂದು ಸ್ವಿಚ್ಚು. ಮತ್ತು ಮುಂದಿನ ಸೀಟಿನಲ್ಲಿ, ಡ್ರೈವರಿನ ಪಕ್ಕದಲ್ಲಿ, ಅತ್ತೆಯ ಹಳೆಯ ನೂಲಿನ ಸೀರೆಯ ಪಟ್ಟಿಯಲ್ಲಿ ಸೊಂಟಕ್ಕೆ ಗಂಟು ಹಾಕಿಸಿಕೊಂಡು, ಠೀವಿಯಿಂದ ಕೂತಿರುತ್ತಿತ್ತು ಬೆಂಕಿ ಆರಿಸುವ ಕೆಂಪು ಸಿಲಿಂಡರು!

ಆ ಸೀಟಿನಲ್ಲಿ ಬೇರೆ ಯಾರೂ ಕೂರುವಂತಿರಲಿಲ್ಲ. "ಅದು ನಿಮ್ಮತ್ತೆ ಸೀಟು. ಅವಳು ಬರೋತನಕ ಸಿಲಿಂಡರು ಕಾಯ್ತದೆ," ಎನ್ನುತ್ತಿದ್ದರು ಮಾವ. ನೆಂಟರು ಸುಮ್ಮನಿರುತ್ತಾರೆಯೇ? ಇವರಿಗೆ ಎರಡು ಸಂಸಾರ, ಒಂದು ಅಡುಗೆಮನೆಯಲ್ಲಿ, ಇನ್ನೊಂದು ಮುಂದಿನ ಸೀಟಿನಲ್ಲಿ ಎಂದು ಅತ್ತೆಯನ್ನು ಕಾಡಿಸುತ್ತಿದ್ದರು. ಅತ್ತೆಯ ಉತ್ತರ ಸಿದ್ಧವಿತ್ತು: "ಇರ್ಲಿ ಬಿಡಿ. ಅದಕ್ಕಾದ್ರೆ ಊಟ ಬಡಿಸೋ ಕೆಲಸ ಇಲ್ಲ."

ಎಲ್ಲದರ ಮೂಲ ಇದೇ. ಅತ್ತೆ ಆ ಕಾರು ಹತ್ತುತ್ತಿರಲಿಲ್ಲ. ಇಡೀ ಊರು ಓಡಿ ಓಡಿ ಕಲಿತ ಪಾಠ, ಆ ಪಾಠ ಕಲಿಯಲು ಒಪ್ಪದ ಒಬ್ಬಳೇ ಒಬ್ಬ ವಿದ್ಯಾರ್ಥಿನಿಗಾಗಿ!

ಕಾರು ಕೊಂಡ ಹೊಸತರಲ್ಲಿ ಮಾವ ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಅವರ ತವರೂರು ಬೇಗಾರಿಗೆ ಹೊರಟಿದ್ದರಂತೆ. ಹರಿಹರಪುರ ದಾಟಿದ್ದೇ ಅತ್ತೆಯ ಮೊಣಕಾಲಿನ ಹತ್ತಿರ ಹೊಗೆ ಬಂತು. ಫ್ಯೂಸು ಹೋದ ಕಡೆ ಯಾರೋ ಮೆಕ್ಯಾನಿಕ್ಕು ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ಕಳಿಸಿದ್ದನಂತೆ. ಫ್ಯೂಸಾದರೆ ತಾನು ಸುಟ್ಟುಕೊಂಡು ಕಾರನ್ನು ಉಳಿಸುತ್ತದೆ. ಬೆಳ್ಳಿ ಕಾಗದ ಗಟ್ಟಿ ಜೀವ, ತಾನು ಉಳಿದುಕೊಂಡು ವಯರುಗಳನ್ನು ಸುಟ್ಟಿತು. ಹೊಗೆ ಎಷ್ಟಿತ್ತು ಎಂಬುದರಲ್ಲಿ ಮಾತ್ರ ಆಕರಗಳ ನಡುವೆ ಭಿನ್ನಾಭಿಪ್ರಾಯವಿದೆ. ಮಾವನ ಪ್ರಕಾರ ಒಂದು ಊದಿನಕಡ್ಡಿಯಷ್ಟು. ಅತ್ತೆಯ ಪ್ರಕಾರ ಅಡಿಕೆ ಬೇಯಿಸುವ ಒಲೆಯಷ್ಟು. ಇತಿಹಾಸದ ವಿದ್ಯಾರ್ಥಿನಿಯಾಗಿ ನಾನು ಎರಡನ್ನೂ ಕೂಡಿಸಿ ಅರ್ಧ ಮಾಡಿಕೊಂಡಿದ್ದೇನೆ. ಕಾರು ಪೂರ್ತಿ ನಿಲ್ಲುವ ಮೊದಲೇ ಅತ್ತೆ ರಸ್ತೆಯಲ್ಲಿದ್ದರು ಎಂಬುದಕ್ಕೆ ಮಾತ್ರ ಇಬ್ಬರ ಒಪ್ಪಿಗೆಯೂ ಇದೆ. ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತುವಾಗ ಅತ್ತೆ ಹೇಳಿದ್ದು ಇಷ್ಟು: "ಇದು ಹೊತ್ತಿಕೊಳ್ಳಲ್ಲ ಅಂತ ನಂಗೆ ನಂಬಿಕೆ ಬರ್ಲಿ. ಆವತ್ತು ಹತ್ತುತೀನಿ."

ಒಂದು ವಸ್ತು ಹೊತ್ತಿಕೊಳ್ಳುವುದಿಲ್ಲ ಎಂದು ತೋರಿಸುವುದು ಹೇಗೆ, ಹೇಳಿ? ಹೊತ್ತಿಕೊಳ್ಳುತ್ತದೆ ಎಂದಾದರೆ ಒಂದು ಕಡ್ಡಿ ಗೀರಿ ತೋರಿಸಬಹುದು. ನಾನು ಈ ತರ್ಕದ ತೊಡಕನ್ನು ಮಾವನಿಗೆ ಬಿಡಿಸಿ ಹೇಳಿದೆ. ಮಾವ ಕಾರಿನ ಕೆಳಗೆ ಮಲಗಿದ್ದವರು ಅಲ್ಲಿಂದಲೇ ಹೇಳಿದರು: "ಅದೆಲ್ಲ ಆಮೇಲೆ ಹೇಳು ಮಾರಾಯ್ತಿ, ಆ ಸ್ಪ್ಯಾನರ್ ಕೊಡು." ನಾನು ಕಟಿಂಗ್ ಪ್ಲೇಯರ್ ಕೊಟ್ಟೆ.

ದಿನಾ ಬೆಳಿಗ್ಗೆ ಮಾವ ಕಾರಿನ ಮುಂದೆ ಮೊಣಕಾಲೂರಿ, ತಲೆ ನೆಲಕ್ಕೆ ತಾಗುವಷ್ಟು ಬಗ್ಗಿ, ಪೆಟ್ರೋಲು ವಾಸನೆ ಬರುತ್ತದೆಯೋ ಎಂದು ಮೂಸುತ್ತಿದ್ದರು. ಹೊಸಬರು ಯಾರಾದರೂ ರಸ್ತೆಯಲ್ಲಿ ಹೋಗುತ್ತಿದ್ದರೆ, ಎಂಥಾ ಭಕ್ತಿ ಎಂದು ತಾವೂ ಕಾರಿಗೆ ಕೈಮುಗಿದು ಹೋಗುತ್ತಿದ್ದರು. "ಹಳೇ ಕಾರಿಗೆ ವಯಸ್ಸಾಗೋದು ಬಾಡಿಗಲ್ಲ, ರಬ್ಬರಿಗೆ," ಎಂದು ಮಾವ ಮಳೆಗಾಲಕ್ಕೆ ಮೊದಲು ಪೆಟ್ರೋಲಿನ ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸುತ್ತಿದ್ದರು. ಪ್ರತಿಸಲವೂ ಹಳೆಯ ಪೈಪು ಹಿಡಿದು ಅಡುಗೆಮನೆಗೆ ಹೋಗಿ, "ನೋಡೇ, ಹೊಸದು ಹಾಕಿದೀನಿ. ಈಗಾದ್ರೂ ಬಾ," ಎನ್ನುತ್ತಿದ್ದರು. ಅತ್ತೆ ಒಗ್ಗರಣೆಯಿಂದ ಕಣ್ಣು ತೆಗೆಯದೆ, "ಮುಂದಿನ ಸಲ ನೋಡಾಣ," ಎನ್ನುತ್ತಿದ್ದರು.

ಅತ್ತೆ ಬೇಗಾರಿಗೆ ಹೋಗುವುದಂತೂ ತಪ್ಪುತ್ತಿರಲಿಲ್ಲ. ಬಸ್ಸಿನಲ್ಲಿ ಹೋಗುತ್ತಿದ್ದರು. ಆಗ ಮಾವ ಏನು ಮಾಡುತ್ತಿದ್ದರು ಗೊತ್ತೇ? ಆ ಬಸ್ಸಿನ ಹಿಂದೆ ಕಾರು ಬಿಡುತ್ತಿದ್ದರು! ಮುಂದೆ ಬಸ್ಸು, ಅದರಲ್ಲಿ ಅತ್ತೆ. ಹಿಂದೆ ಕಾರು, ಅದರಲ್ಲಿ ಮಾವ, ಸಿಲಿಂಡರು ಮತ್ತು ರಜೆಯಿದ್ದರೆ ನಾನು. ಬಸ್ಸು ನಿಂತಲ್ಲೆಲ್ಲ ಕಾರು ನಿಲ್ಲುತ್ತಿತ್ತು. ಕಂಡಕ್ಟರ್ ಅತ್ತೆಯನ್ನು ಕೇಳುತ್ತಿದ್ದ: "ಅಮ್ಮಾ, ಯಜಮಾನ್ರು ಹಿಂದೆ ಬರ್ತಾ ಇದಾರೆ. ಜೋರಾಗಿ ಹೋಗದಾ, ನಿಧಾನ ಹೋಗದಾ?"

"ನೀವು ನಿಮ್ ಪಾಡಿಗೆ ಹೋಗಿ. ಅವರಿಗೆ ಮೂರನೇ ಗೇರ್ ಬಿದ್ರೆ ಬರ್ತಾರೆ."

ಇದೇನು ಹುಚ್ಚು ಮಾವ ಎಂದು ನಾನು ಕೇಳಿದ್ದೆ. ಮಾವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. "ನಡುವೆ ಎಲ್ಲಾದ್ರೂ ಅವಳ ಮನಸ್ಸು ಬದಲಾದ್ರೆ? ಬಸ್ಸಿಂದ ಇಳಿದು ಬಿಸಿಲಲ್ಲಿ ರಸ್ತೇಲಿ ನಿಲ್ಲಬೇಕನಾ ಅವಳು?" ಅತ್ತೆಯೋ, ಮುಂದೆ ಎಷ್ಟು ಜಾಗವಿದ್ದರೂ ಬಸ್ಸಿನ ಕೊನೆಯ ಸೀಟಿಗೇ ಹೋಗಿ ಹಿಂಬದಿಯ ಗಾಜಿನ ಪಕ್ಕ ಕೂರುತ್ತಿದ್ದರು. ಕೇಳಿದರೆ, ಮುಂದೆ ಗಾಳಿ ಜಾಸ್ತಿ ಎನ್ನುತ್ತಿದ್ದರು.

ಕಾರಿನಲ್ಲಿ ನನಗೆ ಕೊಟ್ಟ ಹುದ್ದೆ ವಾಸನೆ ನೋಡುವುದು. "ಎಂತಾದ್ರೂ ವಾಸನೆ ಬಂತನಾ?" ಎಂದು ಪ್ರತಿ ತಿರುವಿನಲ್ಲೂ ಕೇಳುತ್ತಿದ್ದರು. ಇಲ್ಲ ಎಂದರೆ, "ಸರಿಯಾಗಿ ಮೂಸು ಮಾರಾಯ್ತಿ, ಎಂ.ಎ. ಮಾಡಿದೀಯ!" ಎನ್ನುತ್ತಿದ್ದರು.

ಆಯುಧಪೂಜೆಯ ದಿನದ ಕಥೆಯನ್ನಂತೂ ಭಟ್ಟರು ಇವತ್ತಿಗೂ ಹೇಳುತ್ತಾರೆ. ಕಾರಿಗೆ ಚೆಂಡುಹೂವಿನ ಮಾಲೆ ಹಾಕಿಯಾಗಿತ್ತು, ಬೂದುಗುಂಬಳ ಕಾಯುತ್ತಿತ್ತು. ಭಟ್ಟರು ತಟ್ಟೆಯಲ್ಲಿ ಕರ್ಪೂರ ಹಚ್ಚಿ ಬಾನೆಟ್ಟಿನ ಹತ್ತಿರ ತಂದರು. ವಿಷಲ್ ಕೇಳಿಸಿತು.

"ಕೆಳಗೆ ಪೆಟ್ರೋಲು, ಮೇಲೆ ಕರ್ಪೂರ! ಇದು ಪೂಜೆಯಾ ಭಟ್ರೆ, ದಹನವಾ?"

"ಆರತಿ ಇಲ್ದೆ ಪೂಜೆ ಹೆಂಗೆ ಮುಗಿಯದು ಮಾರಾಯ್ರೆ?"

ಕೊನೆಗೆ ಸಂಧಾನವಾಯಿತು. ಮಾವನ ಮೂರು ಸೆಲ್ಲಿನ ಟಾರ್ಚು ತಟ್ಟೆಯಲ್ಲಿ ಕೂತಿತು. ಭಟ್ಟರು ಮಂತ್ರ ಹೇಳುತ್ತ ಟಾರ್ಚಿನ ಆರತಿ ಎತ್ತಿದರು! ನಾನು ಗಂಟೆ ಬಾರಿಸುವ ಕೆಲಸ ಬಿಟ್ಟು, ಆಚರಣೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿರುವ ಬಗ್ಗೆ ನಾಲ್ಕು ಮಾತು ಹೇಳಲು ಬಾಯಿ ತೆರೆದೆ. ಭಟ್ಟರು ಮಂತ್ರದ ನಡುವೆಯೇ, "ನಿಂಗೆ ಕೆಲಸ ಖಾಯಂ ಆಗ್ಲಿ ಅಂತ ಬೇಕಾದ್ರೆ ಇನ್ನೊಂದ್ ಸಲ ಟಾರ್ಚ್ ಎತ್ತುತೀನಿ ಕೂಸೇ, ಸುಮ್ನಿರು," ಎಂದರು. ಎರಡನೆಯ ಸಲ ಎತ್ತಿಯೂ ಎತ್ತಿದರು. ಕೆಲಸ ಖಾಯಂ ಆಗಲಿಲ್ಲ. ಸೆಲ್ಲು ಹಳೆಯದಿತ್ತು ಎಂದು ಮಾವನ ಅಭಿಪ್ರಾಯ.

ಒಂದು ಬೇಸಿಗೆಯಲ್ಲಿ ಹಳೆಯ ಕಾರುಗಳ ಹುಚ್ಚಿನವರ ತಂಡವೊಂದು ಬಾಳೆಹೊನ್ನೂರಿನ ಕಡೆಯಿಂದ ಬಂದು ಕಾಫಿಗೆಂದು ಕೊಪ್ಪದಲ್ಲಿ ನಿಂತಿತು. ಒಂದೊಂದು ಕಾರೂ ಈಗ ತಾನೇ ಬೆಳಗಿದ ತಾಮ್ರದ ಹಂಡೆಯ ಹಾಗೆ! ಮಾವ ತಮ್ಮ ಕಾರನ್ನೂ ತಂದು ಆ ಸಾಲಿನ ತುದಿಗೆ ನಿಲ್ಲಿಸಿದರು. ಅವರಲ್ಲೊಬ್ಬ, ಕಪ್ಪು ಕನ್ನಡಕದ ಎತ್ತರದ ಆಸಾಮಿ, ಬಂದು ಕೈಕುಲುಕಿ ತನ್ನ ಕಾರಿನ ದೀಪ, ಸೀಟಿನ ಚರ್ಮ, ಹಾರ್ನು ಎಲ್ಲವೂ ಕಾರು ಹುಟ್ಟಿದಾಗಿನದೇ ಎಂದು ತೋರಿಸಿದ. ಮಾವ ಎಲ್ಲದಕ್ಕೂ ತಲೆಯಾಡಿಸಿ ಕೇಳಿದರು:

"ಬೆಂಕಿ ಆರ್ಸೋ ಸಿಲಿಂಡರ್ ಎಲ್ಲಿ?"

"ಅದು ಮನೇಲಿದೆ ಸಾರ್, ಬೆಂಗಳೂರಲ್ಲಿ."

"ಹೌದಾ? ಬೆಂಕಿನೂ ಬೆಂಗಳೂರಲ್ಲೇ ಕಾಯ್ತಾ ಇರ್ತದಾ?"

ಆಮೇಲೆ ಅರ್ಧ ಗಂಟೆ ಆ ತಂಡ ಕೊಪ್ಪದ ರಸ್ತೆಯಲ್ಲಿ ವಿಷಲಿಗೆ ಸರಿಯಾಗಿ ಹತ್ತಿ ಇಳಿಯಿತು. ಕಪ್ಪು ಕನ್ನಡಕದವನು ಓಡುವಾಗ ಕನ್ನಡಕ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನಿಗೆ ಮಾವ, "ಫೇಲ್!" ಎಂದರು. ಆ ವರ್ಗಕ್ಕೆ ಸೇರಿದವಳು ನಾನೊಬ್ಬಳೇ ಅಲ್ಲ ಎಂದು ನನಗೆ ಬಹಳ ಸಮಾಧಾನವಾಯಿತು.

ಇನ್ನು ಆ ದಿನದ ಸುದ್ದಿ. ನಾನು ದಿನಚರಿ ಬರೆಯುವವಳು. ಆದರೆ ಆ ದಿನದ ಪುಟದಲ್ಲಿ ಇರುವುದು "ತಲೆನೋವು. ಬೇಗ ಮಲಗಿದೆ" ಎಂದಷ್ಟೇ. ಹೀಗಾಗಿ ಮುಂದಿನದನ್ನೆಲ್ಲ ನೆನಪಿನ ಮೇಲೆ ಹೇಳುತ್ತಿದ್ದೇನೆ. ಎಷ್ಟು ನಂಬಬೇಕೋ ನೀವೇ ನೋಡಿಕೊಳ್ಳಿ.

ಮಳೆ ಸ್ವಲ್ಪ ಬಿಡುವು ಕೊಟ್ಟ ಒಂದು ಬೆಳಿಗ್ಗೆ. ಎಂದಿನಂತೆ ಮುಂದೆ ಶೃಂಗೇರಿ ಬಸ್ಸು, ಹಿಂದೆ ನಾವು. ಹರಿಹರಪುರ ದಾಟಿತು. ಮಾವ ಕೇಳಿದರು, "ವಾಸನೆ?" ನಾನು ಹೇಳಿದೆ, "ಯಾರೋ ಹಲಸಿನ ಬೀಜ ಸುಡ್ತಾ ಇದಾರೆ ಮಾವ, ಘಮ ಘಮ ಅಂತದೆ." ಮಾವ ಒಂದು ಕ್ಷಣ ಯೋಚಿಸಿದರು. "ರಸ್ತೆ ಮೇಲಾ?" ಎಂದರು. ಅಷ್ಟರಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ ಎದ್ದಿತು.

ಮಾವನ ಮುಖದಲ್ಲಿ ಗಾಬರಿ ಕಾಣಲಿಲ್ಲ. ಕಾರನ್ನು ಬದಿಗೆ ತಂದರು. ಎಂಜಿನ್ ಬಂದ್ ಮಾಡಿದರು. ದೊಡ್ಡ ಸ್ವಿಚ್ಚನ್ನು ಒಂದೇ ಏಟಿಗೆ ಎಳೆದರು. ವಿಷಲ್ ಊದಿದರು. ಇನ್ನು ನಾನು! ಇಷ್ಟು ಕಾಲ ತರಬೇತಿ ಪಡೆದ ನಾನು ಬಾಗಿಲ ಹಿಡಿಕೆಯ ಬದಲು ಗಾಜಿಳಿಸುವ ಹಿಡಿಕೆ ಹಿಡಿದು ಗಿರಗಿರ ತಿರುಗಿಸತೊಡಗಿದೆ. ಗಾಜು ಇಳಿಯಿತು, ನಾನು ಇಳಿಯಲಿಲ್ಲ. ಆಮೇಲೆ ಚಪ್ಪಲಿ ಹುಡುಕಿದೆ! ಮಾವ ಹೊರಗಿನಿಂದ ಬಾಗಿಲು ತೆಗೆದು, "ಎಂ.ಎ.! ಇಳಿಯೇ!" ಎಂದು ರಟ್ಟೆ ಹಿಡಿದು ಎಳೆದು ಹಾಕಿದರು.

ಅಷ್ಟರಲ್ಲಿ ಬಸ್ಸೂ ನಿಂತಿತ್ತು. ಕೊನೆಯ ಸೀಟಿನಲ್ಲಿದ್ದ ಅತ್ತೆ ಹಿಂದಿನ ಗಾಜಿನಿಂದ ಹೊಗೆ ಕಂಡವರೇ, "ನಿಲ್ಸಿ! ನಮ್ಮವರ ಕಾರು!" ಎಂದು ಕೂಗಿದ್ದಕ್ಕೆ ಡ್ರೈವರು ಬ್ರೇಕ್ ಹಾಕಿದನಂತೆ. ಅತ್ತೆ ರಸ್ತೆಯಲ್ಲಿ ಓಡಿ ಬಂದರು. ಅತ್ತೆ ಓಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರ ಹಿಂದೆ ಇಡೀ ಬಸ್ಸು ಬಂತು, ತಲೆಗೊಂದು ಸಲಹೆಯೊಂದಿಗೆ.

"ಬಾನೆಟ್ ಎತ್ತಿ ಮಾರಾಯ್ರೆ, ಗಾಳಿ ಆಡ್ಲಿ!"

"ಎತ್ತಿದ್ರೆ ಗಾಳಿ ನಂಗಲ್ಲ, ಬೆಂಕಿಗೆ ಆಡ್ತದೆ!"

"ನೀರು ಹಾಕಿ, ನೀರು!"

"ಪೆಟ್ರೋಲಿಗೆ ನೀರು ಹಾಕಿದ್ರೆ ಬೆಂಕಿ ಈಜಾಡ್ತದೆ! ಎಲ್ಲಾ ಹಿಂದೆ ಹೋಗಿ! ಆ ಮೈಲಿಗಲ್ಲಿನ ಹತ್ರ! ಸಾಲಾಗಿ!"

ವಿಷಲ್ ಮೊಳಗಿತು. ಏನು ಹೇಳಲಿ, ಬಸ್ಸಿಗೆ ಬಸ್ಸೇ ಮೈಲಿಗಲ್ಲಿನ ಹತ್ತಿರ ಸಾಲಾಗಿ ನಿಂತಿತು. ಅವರಲ್ಲಿ ಅರ್ಧ ಜನ ಮಾವನ ಹಳೆಯ ವಿದ್ಯಾರ್ಥಿಗಳೇ ಇದ್ದಿರಬೇಕು. ಮಾವ ಬಾನೆಟ್ಟನ್ನು ಬೆರಳು ತೂರುವಷ್ಟೇ ಎತ್ತಿ, ಆ ಸಂದಿಯಿಂದ ಸಿಲಿಂಡರಿನ ಮೂತಿಯಿಟ್ಟು ಒತ್ತಿದರು. ಬುಸ್ ಎಂದು ಬಿಳಿ ಪುಡಿ ನುಗ್ಗಿತು. ಸಿಲಿಂಡರು ಖಾಲಿಯಾಗುವವರೆಗೂ ಕೈ ಬಿಡಲಿಲ್ಲ. ಹೊಗೆ ಕರಗಿದ ಮೇಲೂ ತುಂಬ ಹೊತ್ತು ಯಾರನ್ನೂ ಹತ್ತಿರ ಬಿಡಲಿಲ್ಲ. ಕೊನೆಗೆ ಬಾನೆಟ್ ಎತ್ತಿದರೆ, ಒಳಗೆ ಅಲ್ಲೊಂದು ಇಲ್ಲೊಂದು ಕೆಂಡ ಮಿನುಗುತ್ತಿತ್ತು. "ಮರಳು!" ಎಂದರು. ನಾನು ಡಿಕ್ಕಿಯಿಂದ ಬಕೆಟ್ ತಂದು ವೀರಾವೇಶದಿಂದ ಸುರಿದೆ. ಮರಳಿನ ಜೊತೆಗೆ ದಡದಡನೆ ಬಿದ್ದವು ಹಲಸಿನ ಬೀಜಗಳು!

ಮಾವ ಒಂದು ಬೀಜ ಎತ್ತಿ ಹಿಡಿದರು. "ಇದೆಂತದು?"

ಅತ್ತೆ ಸೆರಗಿನ ತುದಿ ತಿರುಚಿದರು. "ಮಳೆಗಾಲಕ್ಕೆ ಅಂತ ಮರಳಲ್ಲಿ ಹುಗಿದಿಟ್ಟಿದ್ದೆ. ಬಕೆಟ್ಟು ಸುಮ್ನೆ ಕೂತಿತ್ತಲ್ಲ."

"ಕಾರಿನ ಡಿಕ್ಕಿಯಲ್ಲಾ? ಕಾರು ಮುಟ್ಟಲ್ಲ ಅಂದವಳು ನೀನು!"

"ಹತ್ತಲ್ಲ ಅಂದಿದ್ದೆ. ಮುಟ್ಟಲ್ಲ ಅಂದಿರ್ಲಿಲ್ಲ. ಅಲ್ಲಿಗೆ ಇಲಿ ಬರಲ್ಲ ಅಂತ ನೀವೇ ಹೇಳಿದ್ರಿ."

ಇಲಿ ಬಂದಿತ್ತು. ಬೀಜದ ಆಸೆಗೆ ಬಂದು, ಎಂಜಿನ್ನಿನ ಬೆಚ್ಚಗಿನ ಮೂಲೆಯಲ್ಲಿ ಸಂಸಾರ ಹೂಡಿತ್ತು. ತೆಂಗಿನ ನಾರು, ಅಡಿಕೆ ಸಿಪ್ಪೆ, ಅರ್ಧ ತಿಂದ ಬೀಜ ಸೇರಿಸಿ ಕಟ್ಟಿದ ಗೂಡು ಬಿಸಿ ಪೈಪಿಗೆ ತಾಗಿ ಹೊತ್ತಿಕೊಂಡಿತ್ತು. ಮಾವ ಕಡ್ಡಿಯಿಂದ ಕೆದಕಿ, ಅಂಚು ಕರಕಲಾದ ಕಾಗದದ ಚೂರೊಂದನ್ನು ಹೊರತೆಗೆದು ಓದಿದರು: "'ಭೂಕಂದಾಯ ಪದ್ಧತಿಯ ಪರಿಣಾಮಗಳು.' ಇದೆಂತ ಮಾರಾಯ್ತಿ?"

ಅದು ನನ್ನ ಎಂ.ಎ. ಪ್ರಬಂಧ! ಕಾರಿನ ಶೆಡ್ಡಿನಲ್ಲಿ ಕಟ್ಟಿಟ್ಟಿದ್ದೆ. ಯೂನಿವರ್ಸಿಟಿಯಲ್ಲಿ ಯಾರೂ ಪೂರ್ತಿ ಓದಿರದ ಅದನ್ನು ಇಲಿಯೊಂದು ಪುಟಪುಟವಾಗಿ ತೆಗೆದುಕೊಂಡು ಹೋಗಿತ್ತು. ಊರಿನ ಬೆಂಕಿಯನ್ನೆಲ್ಲ ಕಾರಿನಿಂದ ದೂರವಿಟ್ಟ ಮಾವನಿಗೆ, ಮನೆಯೊಳಗೇ ಇಬ್ಬರು ಹೆಂಗಸರು ಸೇರಿ ಒಲೆ ಹೂಡಿಕೊಟ್ಟಿದ್ದೆವು.

ಬಸ್ಸಿನವರು ಹೊಟ್ಟೆ ಹಿಡಿದು ನಕ್ಕರು. ಮಾವ ನಗಲಿಲ್ಲ. ಕರಕಲಾದ ವಯರುಗಳನ್ನು ನೋಡುತ್ತ ನಿಂತರು. ಖಾಲಿ ಸಿಲಿಂಡರನ್ನು ಡಿಕ್ಕಿಯಲ್ಲಿ ಮಲಗಿಸಿದರು. ಮುಂದಿನ ಸೀಟಿನ ಮೇಲೆ ಬಿದ್ದಿದ್ದ ಸೀರೆಯ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಮೊದಲ ಸಲ ಆ ಮನುಷ್ಯ ಮುದುಕನಂತೆ ಕಂಡರು.

"ಅಮ್ಮಾ, ಹೊರಡದಾ?" ಎಂದ ಕಂಡಕ್ಟರ್.

"ಹೋಗು ಮಾರಾಯ್ತಿ," ಎಂದರು ಮಾವ, ಅತ್ತೆಯ ಮುಖ ನೋಡದೆ. "ನೀ ಹೇಳಿದ್ದೇ ಸರಿಯಾಯ್ತು. ಇದು ಹೊತ್ತಿಕೊಳ್ತದೆ."

ಅತ್ತೆ ಬಸ್ಸಿನ ಕಡೆ ನೋಡಿದರು. ಆಮೇಲೆ ಕಾರಿನ ಮುಂದಿನ ಬಾಗಿಲು ತೆಗೆದು, ಸೀಟಿನ ಮೇಲಿನ ಬಿಳಿ ಪುಡಿಯನ್ನು ಸೆರಗಿನಿಂದ ಒರೆಸಿ, ಚೀಲ ತೊಡೆಯ ಮೇಲಿಟ್ಟುಕೊಂಡು ಕೂತರು!

"ಎಂತ ಮಾಡ್ತಾ ಇದೀಯ? ವಯರೆಲ್ಲ ಸುಟ್ಟಿದಾವೆ. ಇದು ಹೋಗಲ್ಲ."

"ಹೋಗದೆ ಇದ್ರೆ ಬೇಡ."

"ಸಿಲಿಂಡರೂ ಖಾಲಿ."

"ಅದಕ್ಕೇ ಕೂತಿದ್ದು," ಎಂದರು ಅತ್ತೆ. "ನಿಮ್ಮ ಪಕ್ಕ ಅದು ಇತ್ತು ಅಂತ ನಾನು ಬಸ್ಸಲ್ಲಿ ಧೈರ್ಯವಾಗಿ ಕೂರ್ತಿದ್ದೆ. ಈಗ ನಿಮ್ಮನ್ನ ಒಬ್ರನ್ನೇ ಇದ್ರಲ್ಲಿ ಬಿಟ್ಟು ಹೆಂಗೆ ಹೋಗದು?"

ಮಾವ ನನ್ನ ಕಡೆ ತಿರುಗಿ, "ನೀ ಬಸ್ಸು ಹತ್ತು. ಶೃಂಗೇರಿಯಿಂದ ಮೆಕ್ಯಾನಿಕ್ ಕಳ್ಸು. ನಿಧಾನಕ್ಕೆ ಬರ್ಲಿ, ಅರ್ಜೆಂಟ್ ಎಂತ ಇಲ್ಲ," ಎಂದರು.

ನಾನು ಬಸ್ಸು ಹತ್ತಿ ಕೊನೆಯ ಸೀಟಿನಲ್ಲಿ, ಅತ್ತೆಯ ಜಾಗದಲ್ಲಿ ಕೂತೆ. ಅಲ್ಲಿ ಗಾಳಿಯೇನೂ ಕಡಿಮೆಯಿರಲಿಲ್ಲ. ಹಿಂದಿನ ಗಾಜಿನ ತುಂಬ ಕೆಸರು ಸಿಡಿದಿತ್ತು. ಒಂದು ಕಡೆ ಮಾತ್ರ, ಒಬ್ಬರು ನೋಡುವುದಕ್ಕೆ ಬೇಕಾಗುವಷ್ಟು, ಯಾರೋ ಉಜ್ಜಿ ಉಜ್ಜಿ ಸ್ವಚ್ಛ ಮಾಡಿದ್ದರು. ಬಸ್ಸು ಹೊರಟಿತು. ಮಾವ ಕಾರಿನ ಪಕ್ಕ ನಿಂತು ವಿಷಲ್ ಊದಿದ್ದು ಕಂಡಿತು. ಅತ್ತೆ ಇಳಿದು ಮೈಲಿಗಲ್ಲಿನವರೆಗೆ ಹೋಗಿ ನೆಟ್ಟಗೆ ನಿಂತರು. ಕೈಯಲ್ಲಿ ಚೀಲವಿತ್ತು. ಮಾವ ಚೀಲದ ಕಡೆ ಬೊಟ್ಟು ಮಾಡಿ ಏನೋ ಹೇಳಿದರು. ಅತ್ತೆ ಹಿಂದಿರುಗಿ ಬಂದು ಮತ್ತೆ ಸೀಟಿನಲ್ಲಿ ಕೂತರು.

ಬಸ್ಸು ತಿರುವಿನಲ್ಲಿ ಹೊರಳಿತು. ಆಮೇಲೆ ಏನೂ ಕಾಣಲಿಲ್ಲ. ವಿಷಲ್ ಮಾತ್ರ ಇನ್ನೊಮ್ಮೆ ಕೇಳಿಸಿತು.